ತಿರುಪಿನ ಬಳೆ

ಮದುವೆಯಾದ ಹೊಸತರಲ್ಲಿ ಅತ್ತೆ ನನ್ನ ಕೆಲಸ ಎಂಥದು ಎಂದು ಕೇಳಿದರು. ಕಾರ್ಡು ತಾಗಿಸದೆ ಬರೀ ಹತ್ತಿರ ಹಿಡಿದರೆ ಬಾಗಿಲು ತೆರೆಯುವ, ದುಡ್ಡು ಕಟ್ಟಿಸಿಕೊಳ್ಳುವ ಯಂತ್ರಗಳಿವೆಯಲ್ಲ, ಅವು ನಿಯಮದ ಪುಸ್ತಕದಲ್ಲಿ ಬರೆದ ಹಾಗೆ ನಡೆಯುತ್ತವೋ ಇಲ್ಲವೋ ನೋಡುವುದು ಎಂದೆ. "ಅಂದ್ರೆ ರಿಪೇರಿಯಾ?" ಎಂದರು. ರಿಪೇರಿ ಅಲ್ಲ ಎಂದೆ. "ಹಾಗಾದ್ರೆ ಮಾಡುದಾ?" ಮಾಡುವುದೂ ಅಲ್ಲ, ಮಾರುವುದೂ ಅಲ್ಲ. "ಬರೀ ನೋಡ್ಲಿಕ್ಕೆ ಡೊಂಬಿವಲಿಯಿಂದ ತುರ್ಭೆಗೆ ಹೋಗ್ಬೇಕಾ ಮಾರಾಯ್ತಿ?" ಎಂದು ಕೇಳಿ ಅವರು ಮತ್ತೆ ತೆಂಗಿನಕಾಯಿ ತುರಿಯಲು ಕೂತರು. ನನ್ನ ಕೆಲಸದ ಬಗ್ಗೆ ಆ ಮನೆಯಲ್ಲಿ ನಡೆದ ಮೊದಲ ಮಾತುಕತೆ ಅದು. ಮುಂದಿನ ಹತ್ತು ವರ್ಷ ನಡೆದ ಮಾತುಕತೆಗಳೂ ಹೆಚ್ಚುಕಡಿಮೆ ಅದೇ ಜಾಡಿನಲ್ಲಿದ್ದವು.

ನಮ್ಮ ಲ್ಯಾಬು ತುರ್ಭೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಮೆಣಸಿನಪುಡಿಯ ಗೋದಾಮೊಂದರ ಹಿಂದೆ ಇತ್ತು. ಗೇಟಿನಿಂದ ಒಳಗೆ ಬರುವಷ್ಟರಲ್ಲಿ ಎಲ್ಲರೂ ಎರಡು ಸಲ ಸೀನುತ್ತಿದ್ದೆವು. ಒಳಗೆ ನಾನು ಕೂರುತ್ತಿದ್ದ ಕೋಣೆಗೆ ಕಿಟಕಿಯಿಲ್ಲ. ಹೊರಗಿನ ಯಾವ ತರಂಗವೂ ಒಳಗೆ ಬಾರದಂತೆ ಗೋಡೆಗೆಲ್ಲ ತಗಡು ಹೊಡೆದಿದ್ದರು. ಬಾಗಿಲು ಮುಚ್ಚಿದರೆ ಮೊಬೈಲು ಸತ್ತ ಹಾಗೆ. ಮರದ ಮೇಜಿನ ಮೇಲೆ ಪರೀಕ್ಷೆಗೆ ಬಂದ ಯಂತ್ರವನ್ನು ಅಂಗಾತ ಮಲಗಿಸಿ, ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ದಪ್ಪ, ತೆಳು ತುಂಡುಗಳನ್ನಿಟ್ಟು, ಒಂದೊಂದು ಎತ್ತರದಲ್ಲೂ ಒಂದೊಂದು ಮೂಲೆಯಲ್ಲೂ ಪರೀಕ್ಷೆಯ ಕಾರ್ಡನ್ನು ಅಲುಗದಂತೆ ಹಿಡಿಯಬೇಕು. ಪಕ್ಕದ ಕಂಪ್ಯೂಟರು ಪಾಸ್ ಅಥವಾ ಫೇಲ್ ಎನ್ನುತ್ತದೆ. ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂಬುದು ನಮಗೆ ಸಂಬಂಧಿಸಿದ್ದಲ್ಲ. ಪುಸ್ತಕದಲ್ಲಿ ಇದ್ದಂತೆ ನಡೆಯಿತೇ, ಅಷ್ಟೇ. ಇದನ್ನು ಕಾನ್ಫರ್ಮನ್ಸ್ ಟೆಸ್ಟಿಂಗ್ ಎನ್ನುತ್ತಾರೆ. ಸೊಸೆಯರಿಗೆ ಈ ವಿದ್ಯೆ ಬೇರೆ ಕಲಿಸಬೇಕಾಗಿಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ.

ಲ್ಯಾಬಿನ ಹುಡುಗರ ಕೈ ಊಟದ ಹೊತ್ತಿಗೆ ನಡುಗತೊಡಗುತ್ತಿತ್ತು. ನನ್ನದು ಸಂಜೆಯವರೆಗೂ ನಿಲ್ಲುತ್ತಿತ್ತು. ಹಾಗಾಗಿ ಆ ಮೇಜು ನನ್ನದೇ ಆಯಿತು. ಡೊಂಬಿವಲಿಯ ನಮ್ಮ ಮನೆ ಒಂದು ಹಾಲ್, ಒಂದು ಅಡುಗೆಮನೆ, ಮಲಗಲಿಕ್ಕೊಂದು ಗೂಡು. ಅಲ್ಲಿ ನನ್ನದು ಎನ್ನುವ ಮೂಲೆಯಿರಲಿಲ್ಲ. ಅತ್ತೆ ಮಗನೊಂದಿಗೆ ತುಳುವಿನಲ್ಲಿ ಮಾತಾಡುತ್ತಿದ್ದರು, ನನ್ನೊಂದಿಗೆ ಮಾತ್ರ ಕನ್ನಡ. ನನ್ನ ತವರಿನವರು ಕುಂದಾಪುರದಿಂದ ಬಂದು ಕಲ್ಯಾಣದಲ್ಲಿ ನೆಲೆಸಿದವರು, ನಮಗೆ ತುಳು ಇಲ್ಲ. ವರ್ಷದೊಳಗೆ ಎಲ್ಲ ಅರ್ಥವಾಗತೊಡಗಿದರೂ ಆಗದವಳಂತೆ ಕೂರುತ್ತಿದ್ದೆ, ಇಲ್ಲದಿದ್ದರೆ ಉತ್ತರ ಕೊಡಬೇಕಾಗುತ್ತಿತ್ತು. ತಗಡಿನ ಆ ಕೋಣೆಯಲ್ಲಿ ಯಾರ ಭಾಷೆಯೂ ಕೇಳಿಸುತ್ತಿರಲಿಲ್ಲ, ಯಾರ ಫೋನೂ ಬರುತ್ತಿರಲಿಲ್ಲ. ಅಲ್ಲಿ ಬಾಗಿಲು ಮುಚ್ಚಿದ ಮೇಲೆಯೇ ನನಗೆ ಸರಿಯಾಗಿ ಉಸಿರಾಡಲು ಆಗುತ್ತಿತ್ತು ಎಂದರೆ ಯಾರೂ ನಂಬುವುದಿಲ್ಲ.

ಬಳೆಯ ವಿಷಯ ಈಗ ಹೇಳಬೇಕು. ಮದುವೆಯ ದಿನ ಅತ್ತೆ ತಮ್ಮ ಎರಡು ಚಿನ್ನದ ಬಳೆಗಳನ್ನು ನನ್ನ ಎರಡು ಕೈಗೆ ಒಂದೊಂದರಂತೆ ತೊಡಿಸಿದರು. ಅವರ ಕೈ ಚಿಕ್ಕದು, ನನ್ನದು ದೊಡ್ಡದು. ಸೋಪಿನ ನೊರೆ ಹಚ್ಚಿ, ಬೆರಳುಗಳನ್ನು ಒಟ್ಟಿಗೆ ಹಿಂಡಿ, ಇಬ್ಬರು ಹೆಂಗಸರು ಮೊಣಕೈ ಹಿಡಿದು ಅವನ್ನು ಒಳಗೆ ತಳ್ಳಿದರು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಫೋಟೋದವನು ತವರು ಬಿಡುವ ದುಃಖ ಎಂದು ತಿಳಿದು ಹತ್ತಿರದಿಂದ ತೆಗೆದ. ಒಳಗೆ ಹೋದ ಬಳೆಗಳು ಮುಂಗೈಯಲ್ಲಿ ಮೇಲೆ ಕೆಳಗೆ ಓಡಾಡುತ್ತಿದ್ದವೇ ಹೊರತು ಹೆಬ್ಬೆರಳಿನ ಗೆಣ್ಣು ದಾಟಿ ಹೊರಗೆ ಬರುತ್ತಿರಲಿಲ್ಲ. ಆಗ ಅದೊಂದು ದೊಡ್ಡ ವಿಷಯ ಎಂದು ನನಗನಿಸಲಿಲ್ಲ.

ರಜೆ ಮುಗಿಸಿ ಮೇಜಿಗೆ ಮರಳಿದ ಮೇಲೆ ಯಂತ್ರಗಳು ಫೇಲಾಗತೊಡಗಿದವು. ಪುಣೆಯ ಕಂಪನಿಯೊಂದರ ಕಾರ್ಡು ಯಂತ್ರ ಅದಕ್ಕೆ ಮೊದಲು ಪಾಸಾಗಿತ್ತು. ಈಗ ಅದೇ ಯಂತ್ರ ಕೆಳಗಿನ ಎತ್ತರದಲ್ಲಿ ಕಾರ್ಡನ್ನು ಓದುತ್ತಲೇ ಇರಲಿಲ್ಲ. ಹುಡುಗರು ಮಾಡಿದರೆ ಪಾಸು, ನಾನು ಮಾಡಿದರೆ ಫೇಲು. ಕೇಬಲ್ ಬದಲಾಯಿಸಿದರು, ಕಾರ್ಡು ಬದಲಾಯಿಸಿದರು, ಏಸಿಯ ಬಿಸಿ ತಂಪು ಅಳೆದರು. ಆ ಕಂಪನಿಯ ಎಂಜಿನಿಯರು ದಿನಾ ಬಂದು ಹೊರಗಿನ ಸೋಫಾದಲ್ಲಿ ಮುಖ ಗಂಟು ಹಾಕಿಕೊಂಡು ಕೂರುತ್ತಿದ್ದ. ಒಂದು ಮಧ್ಯಾಹ್ನ ನಾನು ಕಾರ್ಡು ಮರೆತು ಬರಿಗೈಯನ್ನೇ ಯಂತ್ರದ ಮೇಲೆ ಚಾಚಿದೆ. ಪರದೆಯ ಮೇಲಿನ ಗೆರೆ ಕುಸಿಯಿತು. ಕೈ ಹಿಂದೆಗೆದೆ, ಗೆರೆ ಎದ್ದಿತು. ಮತ್ತೆ ಚಾಚಿದೆ, ಬಳೆ ಜಾರಿ ಮಣಿಕಟ್ಟಿಗೆ ಬಂತು, ಗೆರೆ ಮತ್ತೆ ಕುಸಿಯಿತು. ಯಂತ್ರ ಕಾರ್ಡಿಗೆಂದು ಕೊಡುವ ಶಕ್ತಿಯಲ್ಲಿ ಒಂದು ಪಾಲನ್ನು ನನ್ನ ಕೈಯ ಚಿನ್ನದ ಸುತ್ತು ನುಂಗುತ್ತಿತ್ತು.

ಬಾಗಿಲಲ್ಲಿ ಒಂದು ಪಟ್ಟಿ ಅಂಟಿಸಿದ್ದರು: ಒಳಗೆ ಬರುವವರು ವಾಚು, ಬೆಲ್ಟು, ಕೀಲಿಕೈ, ಚಿಲ್ಲರೆ ಹೊರಗಿಡಬೇಕು. ಬರೆದವರೆಲ್ಲ ಗಂಡಸರು, ಅವರವರ ಮೈಮೇಲೆ ಇದ್ದದ್ದನ್ನು ಬರೆದಿದ್ದರು. ಮದುವೆಯಾದ ಹೆಂಗಸಿನ ಕೈಯ ಬಳೆ ಯಾರ ಕಣ್ಣಿಗೂ ಲೋಹವಾಗಿ ಕಂಡಿರಲಿಲ್ಲ, ನನ್ನ ಕಣ್ಣಿಗೂ ಕಂಡಿರಲಿಲ್ಲ.

ನಮ್ಮ ಮ್ಯಾನೇಜರು ಠಾಣೆಯ ಮರಾಠಿ ಸಜ್ಜನ, ಯಾರಿಗೂ ಗದರಿದವರಲ್ಲ. ಕಾರಣ ಸಿಕ್ಕಿತೆಂದು ಖುಷಿಪಟ್ಟು ಎಲ್ಲರಿಗೂ ವಡಾಪಾವ್ ತರಿಸಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಮ್ಯಾಡಮ್, ಈ ತಿಂಗಳ ಕೊನೆಗೆ ಆಡಿಟ್‌ನವರು ಬರ್ತಾರೆ. ಟೆಸ್ಟ್ ಹೇಗೆ ಮಾಡ್ತೀರಿ ಅಂತ ಎದುರಿಗೆ ನಿಂತು ನೋಡ್ತಾರೆ. ಬಳೆ ತೆಗೆಯೋಕಾಗಲ್ಲ ಅಂದ್ರೆ ಹರ್ಕತ್ ನಾಹೀ, ಪರವಾಗಿಲ್ಲ, ಮೇಲೆ ರಿಪೋರ್ಟ್ ಟೈಪ್ ಮಾಡೋ ಸೀಟ್ ಇದೆ. ಕುಛ್ ಅಡ್ಜಸ್ಟ್ ಕರೋ" ಎಂದರು. ಮೇಲಿನ ಸೀಟು ನನಗೆ ಗೊತ್ತಿತ್ತು. ಒಂದು ಸಲ ಅಲ್ಲಿಗೆ ಹತ್ತಿದವರು ಮತ್ತೆ ಕೆಳಗೆ ಇಳಿದದ್ದಿಲ್ಲ. ನಾನು ಕಲಿತ ಎಲೆಕ್ಟ್ರಾನಿಕ್ಸು, ನನ್ನ ಮೇಜು, ನನ್ನ ಮುಚ್ಚಿದ ಬಾಗಿಲು, ಎಲ್ಲಕ್ಕೂ ಒಂದೇ ಸಲ ಎಳ್ಳುನೀರು ಬಿಟ್ಟ ಹಾಗೆ.

ಮನೆಯಲ್ಲಿ ಊಟದ ಹೊತ್ತಿಗೆ ವಿಷಯ ತೆಗೆದೆ. "ಮೇಲೆ ಕೂತು ಮಾಡುವ ಕೆಲಸ ಉಂಟಂತಲ್ಲ, ಅದನ್ನು ಮಾಡು. ಆಗುದಿಲ್ಲವಾ, ಬಿಡು. ಬಳೆ ತೆಗೀಲಿಕ್ಕಿಲ್ಲ" ಎಂದರು ಅತ್ತೆ. ಗಂಡ ಸಾರಿನಲ್ಲಿದ್ದ ಕರಿಬೇವನ್ನು ಒಂದೊಂದಾಗಿ ತೆಗೆದು ತಟ್ಟೆಯ ಅಂಚಿಗಿಟ್ಟು, "ಏನಾದ್ರೂ ಅಡ್ಜಸ್ಟ್ ಮಾಡ್ಕೊ ಮಾರಾಯ್ತಿ" ಎಂದ. ಆಫೀಸಿನಲ್ಲೂ ಮನೆಯಲ್ಲೂ ಅದೇ ಒಂದು ಪದ. ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಸೋಪು ಹಚ್ಚಿ ನೋಡಿದೆ, ಎಣ್ಣೆ ಹಚ್ಚಿದೆ, ಪ್ಲಾಸ್ಟಿಕ್ ಚೀಲ ಕೈಗೆ ಸುತ್ತಿ ಎಳೆದೆ. ಗೆಣ್ಣು ಊದಿಕೊಂಡಿತು, ಬಳೆ ಅಲ್ಲೇ ಉಳಿಯಿತು. ಕೊನೆಗೆ ಸ್ಟೇಷನ್ನಿನ ಹತ್ತಿರದ ಚಿನ್ನದ ಕೆಲಸದ ಸೊನಾರನ ಅಂಗಡಿಗೆ ಹೋಗಿ ಕತ್ತರಿಸಿಕೊಡಿ ಎಂದೆ. ಮುದುಕ ಕನ್ನಡಕ ಮೇಲೆತ್ತಿ ನನ್ನ ಕರಿಮಣಿ ನೋಡಿದ, ಹಿಂದೆ ಯಾರಾದರೂ ಬಂದಿದ್ದಾರೆಯೇ ಎಂದು ಬಾಗಿಲ ಕಡೆ ನೋಡಿದ. "ಸಾಸೂಬಾಯಿನ್ನಾ ಘೇವೂನ್ ಯಾ, ತಾಯಿ" ಎಂದ, ಅತ್ತೆಯನ್ನು ಕರೆದುಕೊಂಡು ಬಾ ಎಂದು. ಮುತ್ತೈದೆಯ ಕೈಯ ಬಳೆಗೆ, ಅವಳು ಒಬ್ಬಳೇ ಬಂದರೆ, ಅವನ ಅಪ್ಪನೂ ಕತ್ತರಿ ಹಾಕಿದವನಲ್ಲವಂತೆ. ಬಳೆ ನನ್ನದು, ಕೈ ನನ್ನದು ಎಂದೆ. ಅವನು ನನಗೆ ನೀರು ಕೊಟ್ಟ.

ಆ ಸಂಜೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಡೊಂಬಿವಲಿಯಲ್ಲಿ ಸುದ್ದಿಗೆ ಫಾಸ್ಟ್ ಲೋಕಲ್ ರೈಲೇ ಸಿಗುತ್ತದೆ. ಅತ್ತೆ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಚಹಾ ಮಾಡಿ ನನ್ನ ಮುಂದಿಟ್ಟು ಎದುರಿಗೆ ಕೂತರು.

"ಆ ಬಳೆ ನನ್ನ ಕೈಯಿಂದ ಹೇಗೆ ಬಂತು, ಗೊತ್ತುಂಟಾ ನಿನಗೆ?"

ಮಾವ ಠಾಣೆಯ ಹೋಟೆಲೊಂದರಲ್ಲಿ ಕ್ಯಾಶಿಯರಾಗಿದ್ದರು, ನನ್ನ ಗಂಡ ಕಾಲೇಜಿನಲ್ಲಿದ್ದಾಗ ಲೋಕಲ್ ಗಾಡಿಯಿಂದ ಬಿದ್ದು ತೀರಿಕೊಂಡರು ಎಂಬಷ್ಟು ನನಗೆ ಗೊತ್ತಿತ್ತು. ಉಳಿದದ್ದನ್ನು ಅತ್ತೆ ಅಂದು ಹೇಳಿದರು. ಮುಂಬ್ರಾದ ತಿರುವಿನಲ್ಲಿ, ಬಾಗಿಲ ಹತ್ತಿರದ ನೂಕುನುಗ್ಗಲಲ್ಲಿ ಕೈ ಜಾರಿತ್ತು. "ಹೆಣ ಹೊರಗಿನ ಹಾಲ್‌ನಲ್ಲಿ ಇತ್ತು. ನನ್ನನ್ನು ಬಚ್ಚಲಿಗೆ ಕರ್ಕೊಂಡು ಹೋಗಿ ನಾಲ್ಕು ಜನ ಹೆಂಗಸರು ಕೈಗೆ ಸೋಪು ಹಾಕಿ ಎಳೆದ್ರು. ಅತ್ತು ಅತ್ತು ಕೈಯೂ ಊದಿತ್ತು. ಹೊರಗೆ ಭಟ್ಟರು ಹೊತ್ತಾಯ್ತು ಹೊತ್ತಾಯ್ತು ಅಂತ ಇದ್ರು. ನನಗೆ ಗಂಡ ಹೋದದ್ದು ಬಳೆ ಹೋದ ಮೇಲೆಯೇ ಗೊತ್ತಾದದ್ದು." ಆಮೇಲೆ ಮಗನ ಮಾತೆತ್ತಿದರು. "ಅವನೂ ದಿನಾ ಅದೇ ಗಾಡಿಯಲ್ಲಿ ಹೋಗ್ತಾನೆ. ನಿನ್ನ ಕೈಯಲ್ಲಿ ಅದು ಉಂಟು ಅಂದ್ರೆ ಅವನು ಸಂಜೆ ಬರ್ತಾನೆ ಅಂತ ನನಗೊಂದು ಧೈರ್ಯ."

ನನಗೆ ಅವರನ್ನು ಕಂಡು ಅಯ್ಯೋ ಎನಿಸಿತು, ಅದೇ ಹೊತ್ತಿಗೆ ಮೈ ಉರಿಯಿತು. ನಾನೂ ದಿನಾ ಅದೇ ಮುಂಬ್ರಾದ ತಿರುವು ದಾಟಿ ಠಾಣೆಗೆ ಹೋಗಿ, ಅಲ್ಲಿ ತುರ್ಭೆಯ ಗಾಡಿ ಹಿಡಿಯುತ್ತಿದ್ದೆ. ನಾನು ತಿರುಗಿ ಬರಲೆಂದು ಆ ಮನೆಯಲ್ಲಿ ಯಾರೂ ಏನನ್ನೂ ತೊಟ್ಟುಕೊಂಡಿರಲಿಲ್ಲ. "ನಾನು ಆ ಮೇಜು ಬಿಡೋದಿಲ್ಲ ಅತ್ತೆ" ಎಂದಷ್ಟೇ ಹೇಳಿದೆ. ಆ ಮನೆಯಲ್ಲಿ ಇಲ್ಲ ಎಂದು ನಾನು ಆಡಿದ ಮೊದಲ ಮಾತು ಅದು, ಧ್ವನಿಯ ಗುರುತು ನನಗೇ ಸಿಗಲಿಲ್ಲ.

ಅತ್ತೆ ಕೆಲವು ದಿನ ಮಾತು ಬಿಟ್ಟರು. ಭಾನುವಾರ ಬೆಳಿಗ್ಗೆ ಸೀರೆ ಬದಲಾಯಿಸಿ ಬಂದು "ಹೊರಡು" ಎಂದರು. ಸೊನಾರನ ಅಂಗಡಿಯಲ್ಲಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಅವನ ಜೊತೆ ತಮ್ಮ ಮರಾಠಿಯಲ್ಲಿ ಅರ್ಧ ಗಂಟೆ ಮಾತಾಡಿದರು. ಅವನು ಬಳೆ ಕತ್ತರಿಸುವಾಗ ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ವಾರದ ಮೇಲೆ ಅದೇ ಚಿನ್ನ ತಿರುಪಿನ ಬಳೆಯಾಗಿ ಬಂತು. ಒಂದು ಕಡೆ ಬಿಜಾಗರಿ, ಇನ್ನೊಂದು ಕಡೆ ಸಾಸಿವೆಯಷ್ಟು ಪುಟ್ಟ ತಿರುಪು, ಅದನ್ನು ತಿರುಗಿಸಲು ಒಂದು ಪುಟಾಣಿ ಸ್ಕ್ರೂಡ್ರೈವರ್. ಸ್ಕ್ರೂಡ್ರೈವರಿಗೆ ನಾನು ಕೈ ಚಾಚುವ ಮೊದಲೇ ಅತ್ತೆ ಅದನ್ನು ತಮ್ಮ ಪರ್ಸಿಗೆ ಹಾಕಿಕೊಂಡಿದ್ದರು. "ಬೆಳಿಗ್ಗೆ ನಾನೇ ಬಿಚ್ಚುದು. ಸಂಜೆ ನಾನೇ ಹಾಕುದು. ನಡುವೆ ಬಳೆ ನನ್ನ ಹತ್ರ ಇರ್ತದೆ" ಎಂದರು.

"ಇಬ್ರೂ ಗೆದ್ರಲ್ಲ" ಎಂದು ಗಂಡ ನಕ್ಕ.

ಆಡಿಟ್‌ನವರು ಬಂದರು, ನನ್ನ ಬರಿಗೈ ನೋಡಿದರು, ಹೋದರು. ಮೇಜು ಉಳಿಯಿತು. ಆದರೆ ಅಲ್ಲಿಂದ ಮುಂದೆ ಕೆಲಸಕ್ಕೆ ಹೊರಡುವುದೆಂದರೆ ದಿನಾ ಬೆಳಿಗ್ಗೆ ಅತ್ತೆಯ ಮುಂದೆ ಎರಡು ಕೈ ಚಾಚಿ ನಿಲ್ಲುವುದು ಎಂದಾಯಿತು. ಅವರು ಸ್ನಾನ ಮಾಡಿ, ದೀಪ ಹಚ್ಚಿ, ಕನ್ನಡಕ ಹುಡುಕಿ, ಬಿಜಾಗರಿಯನ್ನು ಬೆಳಕಿಗೆ ತಿರುಗಿಸಿ, ನಿಧಾನವಾಗಿ ಬಿಚ್ಚುತ್ತಿದ್ದರು. ಹಿಂದಿನ ರಾತ್ರಿ ನಮ್ಮಿಬ್ಬರಿಗೆ ಸ್ವಲ್ಪ ಮಾತು ಬಂದಿದ್ದರೆ ಕನ್ನಡಕ ಬೇಗ ಸಿಗುತ್ತಿರಲಿಲ್ಲ. ನನ್ನ ಲೋಕಲ್ಲು ತಪ್ಪುತ್ತಿತ್ತು. ಬಿಚ್ಚಿದ ಬಳೆಗಳನ್ನು ಅವರು ಕಪಾಟಿನಲ್ಲಿ ಇಡುತ್ತಿರಲಿಲ್ಲ, ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ದಿನವಿಡೀ ಓಡಾಡುತ್ತಿದ್ದರು. ಸಂಜೆ ಗಂಡ ಬರುವ ಮೊದಲು ನಾನು ಬರಬೇಕು, ಬಳೆ ಕೈಗೇರಬೇಕು. ವಾಶಿಯಲ್ಲಿ ಗೆಳತಿಯರ ಜೊತೆ ಸಿನಿಮಾ ಇಲ್ಲ, ಆಫೀಸಿನಿಂದ ಹಾಗೇ ಕಲ್ಯಾಣಕ್ಕೆ ಹೋಗಿ ಅಮ್ಮನ ಜೊತೆ ಒಂದು ರಾತ್ರಿ ಇಲ್ಲ. ಮಳೆಗೆ ಗಾಡಿ ನಿಂತು ಠಾಣೆಯಲ್ಲಿ ಸಿಕ್ಕಿಬಿದ್ದರೆ ಫೋನು ಬರುತ್ತಿತ್ತು. "ಎಲ್ಲಿದ್ದಿ? ಅವನು ಹೊರಟಿದ್ದಾನಂತೆ." ಊಟ ಮಾಡಿದೆಯಾ, ನೆನೆದೆಯಾ ಎಂಬ ಮಾತಿಲ್ಲ. ಪ್ಲಾಟ್‌ಫಾರ್ಮಿನ ಜನರ ನಡುವೆ ನಿಂತು ಫೋನನ್ನು ಹಳಿಗೆ ಎಸೆದುಬಿಡೋಣ ಎನ್ನುವಷ್ಟು ಸಿಟ್ಟು ಬರುತ್ತಿತ್ತು.

ಆದರೂ ಒಂದು ಸುಖವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಐರೋಲಿ ಕಳೆಯುತ್ತಿದ್ದಂತೆ ಹೆಂಗಸರ ಬೋಗಿಯ ಬಾಗಿಲಲ್ಲಿ ಖಾಡಿಯ ಹಿನ್ನೀರಿನ ಗಾಳಿ ಬರುತ್ತಿತ್ತು. ಮೇಲಿನ ಹಿಡಿ ಹಿಡಿದುಕೊಂಡಾಗ ಆ ಗಾಳಿ ನನ್ನ ಬರಿಯ ಮಣಿಕಟ್ಟಿಗೆ ನೇರವಾಗಿ ತಾಗುತ್ತಿತ್ತು. ಸಂಜೆಯವರೆಗೆ ಆ ಎರಡು ಕೈ ಯಾರ ಧೈರ್ಯವನ್ನೂ ಹೊರಬೇಕಾಗಿರಲಿಲ್ಲ. ಅಷ್ಟಕ್ಕಾಗಿಯೇ ನಾನು ಬೆಳಗಿನ ಆ ಕಾಯುವಿಕೆಯನ್ನು ಸಹಿಸುತ್ತಿದ್ದೆ.

ವರ್ಷಗಳಾದ ಮೇಲೆ ಲ್ಯಾಬಿಗೆ ರೋಬೋಟಿನ ತೋಳೊಂದು ಬಂತು. ಕಾರ್ಡನ್ನು ಪುಸ್ತಕ ಹೇಳಿದ ಜಾಗದಲ್ಲಿ ಅದೇ ಹಿಡಿಯುತ್ತದೆ, ಕೂದಲೆಳೆಯಷ್ಟೂ ಅಲುಗುವುದಿಲ್ಲ. ನನ್ನನ್ನು ಪಕ್ಕದ ವಿಭಾಗಕ್ಕೆ ಹಾಕಿದರು. ಅಲ್ಲಿ ಒಳಗೆ ಸಿಮ್ ಇರುವ ಕರೆಂಟು ಮೀಟರುಗಳ, ನೀರಿನ ಮೀಟರುಗಳ ಪರೀಕ್ಷೆ. ಮೀಟರನ್ನು ಲೋಹದ ಪೆಟ್ಟಿಗೆಯೊಳಗಿಟ್ಟು ಬಾಗಿಲು ಬಿಗಿದು, ಹೊರಗಿನಿಂದ ಅದಕ್ಕೆ ಸುಳ್ಳು ಮೊಬೈಲ್ ಟವರೊಂದನ್ನು ತೋರಿಸುತ್ತೇವೆ. ಇರುವುದು ಅದೊಂದೇ ಟವರು ಎಂದು ನಂಬಿ ಮೀಟರು ಅದರ ಜೊತೆಯೇ ಮಾತಾಡುತ್ತದೆ. ನಾನು ಹೊರಗೆ ಕಂಪ್ಯೂಟರಿನ ಮುಂದೆ. "ಮ್ಯಾಡಮ್, ಇನ್ನು ಮೊಣಕೈವರೆಗೆ ಬಳೆ ಹಾಕ್ಕೊಂಡು ಬನ್ನಿ" ಎಂದು ಮ್ಯಾನೇಜರು ಅಭಿನಂದನೆಯಂತೆ ಹೇಳಿದರು.

ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಮರುದಿನದಿಂದ ಬಳೆ ಕೈಯಲ್ಲೇ ಉಳಿಯುತ್ತಿತ್ತು, ನನ್ನ ಗಾಳಿ ಹೋಗುತ್ತಿತ್ತು. ಬೆಳಿಗ್ಗೆ ಮೊದಲಿನಂತೆಯೇ ಕೈ ಚಾಚುತ್ತಿದ್ದೆ. ಅತ್ತೆಯ ಕಣ್ಣು ಮಂದವಾಗಿ ತಿರುಪು ಸಿಗುವುದು ಇನ್ನಷ್ಟು ತಡವಾಗುತ್ತಿತ್ತು.

ಹಾಗಿರುವಾಗ ಬದಲಾಪುರದಲ್ಲಿದ್ದ ಅವರ ಅಕ್ಕ ಹಾಸಿಗೆ ಹಿಡಿದರು. ನಾಲ್ಕು ದಿನ ಬಂದಿದ್ದು ಹೋಗು ಎಂದು ಹೇಳಿ ಕಳಿಸಿದರು. ಅತ್ತೆ ಹೋಗಲೊಲ್ಲರು. "ಇವಳ ಬಳೆ ಬಿಚ್ಚುದು ಯಾರು?" ಬಳೆ ಇದ್ದರೂ ಈಗ ನಡೆಯುತ್ತದೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗಂಡ, "ಅಷ್ಟೇ ತಾನೆ, ನಾನು ಬಿಚ್ತೇನೆ. ಅದೇನು ರಾಕೆಟ್ಟಾ?" ಎಂದ. ಅತ್ತೆ ಬಹಳ ಹೊತ್ತು ಯೋಚಿಸಿ, ಪರ್ಸಿನಿಂದ ಸ್ಕ್ರೂಡ್ರೈವರ್ ತೆಗೆದು ಮಗನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾವೇ ಮಡಚಿ ಗಾಡಿ ಹತ್ತಿದರು.

ಮರುದಿನ ಬೆಳಿಗ್ಗೆ ನಾನು ತಿಂಡಿ ಮುಗಿಸಿ ಗಂಡನ ಮುಂದೆ ಕೈ ಚಾಚಿದೆ. ಅತ್ತೆ ಇಲ್ಲದ ಮನೆ, ನನಗೆ ಹಗುರಾಗಿತ್ತು. ಅವನು ಸ್ಕ್ರೂಡ್ರೈವರ್ ಹಿಡಿದು ಬಗ್ಗಿದ. ತುದಿಯನ್ನು ತಿರುಪಿನ ಮೇಲಿಟ್ಟ. ಹಾಗೇ ನಿಂತ. "ಎಡಕ್ಕೆ ತಿರುಗಿಸಬೇಕು" ಎಂದೆ. "ಗೊತ್ತುಂಟು" ಎಂದ. ತಿರುಗಿಸಲಿಲ್ಲ. ಒಮ್ಮೆ ಹಿಂದೆ ತಿರುಗಿ ನೋಡಿದ. ಬಾಗಿಲ ಹತ್ತಿರ ಅವನ ಬ್ಯಾಗು, ಮೇಲೆ ಅವನ ರೈಲ್ವೆ ಪಾಸು. ಇಷ್ಟು ವರ್ಷ ನಮ್ಮಿಬ್ಬರನ್ನೂ ನೋಡಿ ನಗುತ್ತಿದ್ದವನು ನನ್ನ ಮುಖ ನೋಡಲಾರದೆ ಸ್ಕ್ರೂಡ್ರೈವರನ್ನು ಟಿವಿಯ ಮೇಲಿಟ್ಟ.

"ನಾಲ್ಕು ದಿನ ರಜೆ ಹಾಕು. ಅಮ್ಮ ಬರ್ಲಿ" ಎಂದ.

"ಕೆಲಸ ಹೋದ್ರೆ?"

"ಏನಾದ್ರೂ ಅಡ್ಜಸ್ಟ್ ಮಾಡ್ಕೊ" ಎಂದು ಬ್ಯಾಗು ಹೆಗಲಿಗೇರಿಸಿ ಹೋದ.

ಒಂದೇ ಕೈಯಿಂದ ಬಿಚ್ಚಲು ನಾನೇ ನೋಡಿದೆ, ಬಿಜಾಗರಿ ಜಾರಿತು, ಆಗಲಿಲ್ಲ. ಬಳೆ ಹಾಕಿಕೊಂಡೇ ತುರ್ಭೆಗೆ ಹೋದೆ. ಅಲ್ಲಿ ಯಾರೂ ನನ್ನ ಕೈ ನೋಡಲಿಲ್ಲ, ನೋಡಬೇಕಾದ ಅಗತ್ಯ ಯಾರಿಗೂ ಇರಲಿಲ್ಲ. ಸಂಜೆ ಗಂಡ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲು ನನ್ನ ಮಣಿಕಟ್ಟು ನೋಡಿದ, ಆಮೇಲೆ ಒಳಗೆ ಬಂದ. ನಾಲ್ಕು ದಿನವೂ ಹಾಗೆಯೇ.

ಐದನೆಯ ದಿನ ಅತ್ತೆ ಬಂದರು. ನನ್ನ ಕೈಯಲ್ಲಿದ್ದ ಬಳೆ ನೋಡಿದರು, ಟಿವಿಯ ಮೇಲಿದ್ದ ಸ್ಕ್ರೂಡ್ರೈವರ್ ನೋಡಿದರು, ಮಗನನ್ನು ನೋಡಿದರು. ಸ್ಕ್ರೂಡ್ರೈವರನ್ನು ಎತ್ತಿ ಪರ್ಸಿಗೆ ಹಾಕಿಕೊಂಡರು. ಮರುದಿನ ಬೆಳಿಗ್ಗೆ ಅವರು ದೀಪ ಹಚ್ಚಿ ಏಳುವ ಮೊದಲೇ ನಾನು ಹೋಗಿ ಎದುರಿಗೆ ಕೂತೆ. ಅವರ ಖಾಲಿ ಕೈಗಳು ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದವು. ತುದಿ ಒಮ್ಮೆ ಜಾರಿತು, ಆದರೂ ತಿರುಪು ತಿರುಗಿತು. ಆ ಮನೆಯಲ್ಲಿ ಅದನ್ನು ಬಿಚ್ಚುವ ಧೈರ್ಯ ಇದ್ದದ್ದು ಅವರೊಬ್ಬರಿಗೇ.